ಕೊನೇ ಮಡಿ

ನನ್ನ ರಿಜಿಸ್ಟರಿನಲ್ಲಿ ಬಸುರಿಗೊಂದು ಕಾಲಂ,
ಬಾಣಂತಿಗೊಂದು, ಕೂಸಿನ ತೂಕಕ್ಕೊಂದು,
ಬಿಪಿಗೆ, ಸಕ್ಕರೆಗೆ, ಎರಡು ವಾರದ ಕೆಮ್ಮಿಗೆ.
ಪಿಳ್ಳಪ್ಪನವರು ಮೂರು ತಿಂಗಳಿಂದ ಮಲಗಿಲ್ಲ ಎಂಬುದನ್ನು
ಎಲ್ಲಿ ಬರೆಯಲಿ?
ಅಂಚಿನಲ್ಲಿ ಬರೆದೆ, ಪೆನ್ಸಿಲ್ಲಿನಲ್ಲಿ,
ಮೇಲಿನವರು ಬೈದರೆ ಅಳಿಸೋಣವೆಂದು.

ಊರ ಕೆರೆಗೆ ಅವರು ನೀರುಗಂಟಿ. ಆಗಿದ್ದರು.
ಈಗ ಕೆರೆ ತುಂಬ ಬೆಂಗಳೂರು ತೊಳೆದು ಕಳಿಸಿದ ನೀರು.
ತೂಬಿಗೆ ಬೀಗ. ಬೀಗದಕೈ ಯಾವುದೋ ಆಫೀಸಿನ ಮೊಳೆಯಲ್ಲಿ.
ರಾತ್ರಿ ಎರಡಕ್ಕೆ ಏರಿ ಮೇಲೆ ನಿಂತು
ಎರಡೂ ಕೈಯಲ್ಲಿ ಎತ್ತುತ್ತಾರೆ
ಇಲ್ಲದ ಬಿರಟೆಯನ್ನು.

ಗಾಳಿ ಸೋಕಿದೆ ಎಂದರು, ನಿಂಬೆಹಣ್ಣು ಕೊಯ್ದರು.
ವಯಸ್ಸು ಎಂದರು ಆರೋಗ್ಯ ಕೇಂದ್ರದಲ್ಲಿ,
ಹಳದಿ ಗುಳಿಗೆ ಕೊಟ್ಟರು, ಬಿ ಕಾಂಪ್ಲೆಕ್ಸು.
ದೊಡ್ಡತಾಯಮ್ಮ ಮಾತ್ರ ಏನೂ ಅನ್ನದೆ
ತನ್ನ ಸೆರಗಿನ ತುದಿಗೆ ಅವರ ಪಂಚೆಯ ಗಂಟು ಹಾಕಿ
ಮಲಗತೊಡಗಿದಳು, ಎದ್ದರೆ ಗೊತ್ತಾಗಲಿ ಅಂತ.
ಬೆಳಗ್ಗೆ ನೋಡಿದರೆ ಗಂಟು ಬಿಚ್ಚಿರುತ್ತಿತ್ತು,
ಸೆರಗು ಮಡಿಸಿ ಅವಳ ತಲೆದಿಂಬಿನ ಪಕ್ಕ ಇಟ್ಟಿರುತ್ತಿತ್ತು.

ಐದೂವರೆಯ ಬಸ್ಸು. ನನಗೆ ಫ್ರೀ, ಅವರಿಗೆ ಟಿಕೇಟು.
ಹೊಸಕೋಟೆಯಲ್ಲಿ ಇಳಿದು, ಹತ್ತಿ,
ಕೆ.ಆರ್. ಪುರದ ಸೇತುವೆ ಕೆಳಗೆ ಮುಕ್ಕಾಲು ಗಂಟೆ ನಿಂತು,
ಇನ್ನೊಂದು ಬಸ್ಸು, ಇನ್ನೊಂದು.
ದೊಡ್ಡಾಸ್ಪತ್ರೆ. ಚೀಟಿಗೊಂದು ಸಾಲು,
ಸಾಲಿಗೆ ನಿಲ್ಲಲು ಬೇಕಾದ ಜೆರಾಕ್ಸಿಗೊಂದು ಸಾಲು.
ಟೋಕನ್ನು ನೂರ ಎಂಬತ್ತೇಳು.

'ಪೇಷೆಂಟ್ ಯಾರಮ್ಮ?' ಕಿಟಕಿಯೊಳಗಿನ ದನಿ.
ಪಿಳ್ಳಪ್ಪನವರು ನನ್ನತ್ತ ಬೆರಳು ತೋರಿದರು:
'ಈ ಮಗ. ಪಾಪ, ದುಡ್ಡು ಬಂದಿಲ್ವಂತೆ ಮೂರು ತಿಂಗಳಿಂದ.
ಬಸ್ಸಲ್ಲಿ ಬಾಯಿ ಬಿಟ್ಕೊಂಡು ಮಲಗಿತ್ತು.'
ನಾನು ನಕ್ಕೆ.
ನಕ್ಕಮೇಲೆ ಗಂಟಲು ಯಾಕೋ ಕಟ್ಟಿತು.

ಮಧ್ಯಾಹ್ನ ನೂರ ಎಂಬತ್ತೇಳು ಕೂಗಿದಾಗ
ಬೆಂಚಿನ ಮೇಲೆ ಅವರ ಟವೆಲ್ಲಷ್ಟೇ ಇತ್ತು.
ಹುಡುಕಿದೆ. ಔಷಧಿ ಕಿಟಕಿ, ಕಕ್ಕಸು, ಬೇವಿನ ಮರದ ಕೆಳಗೆ,
ಗೋಡೆಗೆ ಹಣೆ ಒತ್ತಿ ನಿಂತಿದ್ದ ಯಾರದೋ ಅಮ್ಮನ ಹಿಂದೆ.
ಕುಡಿಯುವ ನೀರಿನ ಸಾಲು ನಲ್ಲಿಗಳ ಹತ್ತಿರ
ಒಂದೊಂದನ್ನೇ ತಿರುಗಿಸಿ ಬಿಗಿ ಮಾಡುತ್ತಿದ್ದರು.
'ಹನಿ, ಮಗಾ' ಅಂದರು. 'ಎಲ್ಲಾನೂ ಹನೀತಿತ್ತು.'
ನಾವು ಮರಳುವಷ್ಟರಲ್ಲಿ ನೂರ ತೊಂಬತ್ತು.

ಎಲ್ಲರೂ ಮುಗಿದ ಮೇಲೆ ಕರೆದರು.
ಡಾಕ್ಟರು ಚಿಕ್ಕವಳು, ಕಣ್ಣ ಕೆಳಗೆ ಕಪ್ಪು.
ಇವತ್ತು ಯಾವ ವಾರ? ಉತ್ತರವಿಲ್ಲ.
ನೂರರಿಂದ ಏಳೇಳು ಕಳೀತಾ ಬನ್ನಿ. ಇಲ್ಲ.
ಬೇಜಾರಾಗತ್ತಾ? ಅವರು ಕಿಟಕಿ ನೋಡಿದರು.
ಅವಳು ಪೆನ್ನಿನ ಮುಚ್ಚಳ ಹಾಕಿದಳು.
'ತಾತ, ತೂಬು ಯಾವಾಗ ಮುಚ್ತಿದ್ರಿ?'

ಆಗ ಬಂತು ಮಾತು, ಮೊದಲು ಕೆಸರು, ಆಮೇಲೆ ತಿಳಿ:
'ಕೊನೇ ಮಡಿಗೆ ನೀರು ಮುಟ್ಟಿದ ಮೇಲೇ, ತಾಯಿ.
ತಲೆಮಡಿಯೋರು ಬೇಗ ಮುಚ್ಚು ಅಂತಾರೆ,
ಅವರದು ಆಯ್ತಲ್ಲ.
ಕಾಲುವೆ ಗುಂಟ ಬ್ಯಾಟ್ರಿ ಹಿಡ್ಕೊಂಡು ನಡೀಬೇಕು,
ಕೊನೇದರಲ್ಲಿ ಕಾಲಿಟ್ಟು ನೋಡ್ಬೇಕು, ತಣ್ಣಗಾಯ್ತಾ ಅಂತ.
ಈಗ ಎಷ್ಟು ನಡೆದ್ರೂ ಕೊನೇ ಮಡಿ ಸಿಗಾಕಿಲ್ಲ.
ಮುಚ್ಚದೆ ಹೆಂಗೆ ಮಲಗಲಿ?'

ಅವಳು ಬರೆದಳು, ಬಹಳ ಹೊತ್ತು.
ಹದಿನೈದು ದಿನದ ಗುಳಿಗೆ. ಮತ್ತೆ ಬನ್ನಿ ಎಂದಳು,
ನಮ್ಮ ಊರಿನ ಹೆಸರು ಕೇಳಿ ಸುಮ್ಮನಾದಳು,
ತನ್ನ ನಂಬರನ್ನು ಚೀಟಿಯ ಹಿಂದೆ ಬರೆದುಕೊಟ್ಟಳು.
'ಮಾತ್ರೆ ಮುಗಿಯೋ ಮುಂಚೆ' ಅಂದಳು ನನಗೆ.
ಮುಗಿಯುವ ಮುಂಚೆ ಅಂದರೆ ಇನ್ನೊಂದು ದಿನದ ಕೂಲಿ,
ಇನ್ನೊಂದು ಐದೂವರೆ.

ವಾಪಸ್ಸು ಬರುವಾಗ ಮೇಡಹಳ್ಳಿ ದಾಟಿರಲಿಲ್ಲ,
ಅವರ ತಲೆ ನನ್ನ ಹೆಗಲಿಗೆ ಬಂತು, ಭಾರವಾಗಿ.
ಗುಳಿಗೆಯ ಪೊಟ್ಟಣ ಇನ್ನೂ ಒಡೆದಿರಲಿಲ್ಲ.
ಹೊಸಕೋಟೆಯಲ್ಲಿ ಬಸ್ಸು ಬದಲಿಸುವಾಗ ಕಣ್ಣು ಬಿಡದೆ ನಡೆದರು,
ಮತ್ತೆ ಕೂತರು, ಮತ್ತೆ ಹೆಗಲು.
ಉಸಿರು ಒಂದೇ ಅಳತೆ.

ನಮ್ಮ ಸ್ಟಾಪು ಬಂತು.
ಕಂಡಕ್ಟರು ನನ್ನ ಮುಖ ನೋಡಿದ.
ಇಳಿಯಲಿಲ್ಲ.
ಕೊನೆಯ ಸ್ಟಾಪಿನಿಂದ ನಡೆದು ಬಂದರಾಯಿತು,
ಮೂರು ಮೈಲಿ.
ಬ್ಯಾಟ್ರಿ ಅವರ ಚೀಲದಲ್ಲೇ ಇದೆ.